ಮಾತು ಶುರು ಮಾಡಿದ್ದು ಯಾರು? – ಫೈರ್‌ವಾಲ್‌ನ ನೆನಪಿನ ಬಗ್ಗೆ

ಸಿಯಾಟಲ್ ಪಕ್ಕದ ಕೆನ್ಮೋರ್‌ನಿಂದ ಮಾತಾಡ್ತಾ ಇದ್ದೇನೆ. ನನ್ನ ಕೆಲಸ ಜೀವವಿಜ್ಞಾನದ ಸಂಶೋಧನೆ. ಹಾಗಿದ್ದೂ ಇವತ್ತಿನ ವಿಷಯ ಕಂಪ್ಯೂಟರಿನದು: ವರ್ಚುವಲ್ ಮೆಷೀನ್‌ಗಳ ಫೈರ್‌ವಾಲ್ ನಿಯಮದಲ್ಲಿರುವ ಒಂದು ಪುಟ್ಟ ಸ್ವಿಚ್. ‘ಸ್ಟೇಟ್‌ಮ್ಯಾಚ್’ ಅಂತ ಅದರ ಹೆಸರು. ಅದನ್ನು ಆಫ್ ಮಾಡೋಕೆ ಒಂದೇ ಒಂದು ಪದ ಬದಲಿಸಿದರೆ ಸಾಕು. ಆಫ್ ಮಾಡಿದ ಮೇಲೆ ಏನೂ ಕೆಟ್ಟ ಹಾಗೆ ಕಾಣೋದಿಲ್ಲ. ಅದೇ ನನಗೆ ಚಿಂತೆ.

ಜೀವವಿಜ್ಞಾನದವರಿಗೆ ಇದರ ಉಸಾಬರಿ ಯಾಕೆ ಅಂತ ಕೇಳಬಹುದು. ಇವತ್ತಿನ ಲ್ಯಾಬ್‌ಗಳಲ್ಲಿ ಪೈಪೆಟ್ಟಿನಷ್ಟೇ ಸರ್ವರ್ ಕೂಡ ದಿನಬಳಕೆಯ ವಸ್ತು. ಒಂದು ದೊಡ್ಡ ಲಿನಕ್ಸ್ ಯಂತ್ರ ಇರುತ್ತೆ, ಅದರ ಮೇಲೆ ಹತ್ತಾರು ವರ್ಚುವಲ್ ಮೆಷೀನ್‌ಗಳು. ಒಂದರಲ್ಲಿ ಡಿಎನ್‌ಎ ದತ್ತಾಂಶದ ವಿಶ್ಲೇಷಣೆ, ಇನ್ನೊಂದರಲ್ಲಿ ಹಳೆಯ ಮೈಕ್ರೋಸ್ಕೋಪಿನ ಜೊತೆ ಬಂದ ಹಳೆಯ ಸಾಫ್ಟ್‌ವೇರ್, ಮತ್ತೊಂದರಲ್ಲಿ ರೋಗಿಗಳ ಮಾದರಿಗಳ ಪಟ್ಟಿ. ಇವನ್ನು ನೋಡಿಕೊಳ್ಳೋರು ಎಷ್ಟೋ ಕಡೆ ಪೂರ್ಣಾವಧಿಯ ಸಿಸ್ಟಮ್ ಅಡ್ಮಿನ್ ಅಲ್ಲ, ‘ಕಂಪ್ಯೂಟರ್ ಸ್ವಲ್ಪ ಗೊತ್ತು’ ಅನ್ನೋ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ. ಕೇಳುಗರಲ್ಲಿ ಅಂಥವರು ಸಾಕಷ್ಟು ಜನ ಇದ್ದೀರಿ. ಅಮೆಜಾನ್, ಮೈಕ್ರೋಸಾಫ್ಟ್ ಇರುವ ಈ ಸೀಮೆಯಲ್ಲಂತೂ ಕನ್ನಡದ ಮನೆಗಳಲ್ಲಿ ಕ್ಲೌಡ್ ಕೆಲಸದವರು ಸಿಗದಿದ್ದರೆ ಆಶ್ಚರ್ಯ. ಈ ಮಾತು ಇಬ್ಬರಿಗೂ ಸಲ್ಲುತ್ತೆ.

ಮೊದಲು ಆ ಸ್ವಿಚ್ ಏನು ಮಾಡುತ್ತೆ ನೋಡೋಣ. ಲಿನಕ್ಸ್‌ನಲ್ಲಿ ವರ್ಚುವಲ್ ಮೆಷೀನ್‌ಗಳನ್ನು, ಚಿಕ್ಕದಾಗಿ ವಿಎಂಗಳನ್ನು, ನಿರ್ವಹಿಸುವ ‘ಲಿಬ್‌ವರ್ಟ್’ ಅನ್ನೋ ತಂತ್ರಾಂಶ ಇದೆ. 2010ರಲ್ಲಿ ಅದಕ್ಕೆ ನೆಟ್‌ವರ್ಕ್ ಫಿಲ್ಟರ್ ಸೌಲಭ್ಯ ಸೇರಿತು. ಪ್ರತಿ ವಿಎಂನ ಬಾಗಿಲಿಗೂ ಹೊರಗಿನಿಂದ, ಅಂದರೆ ಹೋಸ್ಟ್ ಯಂತ್ರದಿಂದಲೇ, ಕಾವಲು ಹಾಕಬಹುದು. ವಿಎಂ ಒಳಗೆ ಕಳ್ಳ ನುಗ್ಗಿದರೂ ಈ ಕಾವಲು ಅವನ ಕೈಗೆ ಸಿಗೋದಿಲ್ಲ. ಇದರ ದೊಡ್ಡ ಬಲವೇ ಅದು.

ಈಗ ನೀವು ಒಂದು ನಿಯಮ ಬರೀತೀರಿ: ‘8080ನೇ ಪೋರ್ಟಿಗೆ ಹೊರಗಿನವರು ಬರಬಹುದು.’ ಬಂದವರಿಗೆ ಉತ್ತರ ಹೋಗಬೇಕಲ್ಲ? ಹಾಗಾಗಿ ಲಿಬ್‌ವರ್ಟ್ ಈ ಒಂದು ನಿಯಮದಿಂದ ಎರಡೂ ದಿಕ್ಕಿನ ನಿಯಮಗಳನ್ನು ಹುಟ್ಟಿಸುತ್ತೆ. ಒಂದು, ಹೊರಗಿನಿಂದ 8080ಕ್ಕೆ ಬರುವುದನ್ನು ಬಿಡು. ಎರಡು, 8080ರಿಂದ ಹೊರಗೆ ಹೋಗುವುದನ್ನೂ ಬಿಡು, ಆದರೆ ಅದು ಈಗಾಗಲೇ ಶುರುವಾದ ಸಂಪರ್ಕಕ್ಕೆ ಸೇರಿದ್ದರೆ ಮಾತ್ರ. ಆ ‘ಈಗಾಗಲೇ ಶುರುವಾದ’ ಅನ್ನೋ ಷರತ್ತೇ ಸ್ಟೇಟ್‌ಮ್ಯಾಚ್. ಏನೂ ಹೇಳದಿದ್ದರೆ ಅದು ಆನ್ ಆಗಿರುತ್ತೆ. ನಿಯಮದಲ್ಲಿ ‘ಸ್ಟೇಟ್‌ಮ್ಯಾಚ್ ಫಾಲ್ಸ್’ ಅಂತ ಬರೆದರೆ ಷರತ್ತು ಹೋಗುತ್ತೆ, ಎರಡೂ ದಿಕ್ಕಿನ ನಿಯಮಗಳು ಉಳಿಯುತ್ತವೆ.

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟ್ ಗೇಟ್ ನೆನಪಿಸಿಕೊಳ್ಳಿ. ಸೆಕ್ಯುರಿಟಿಯವರ ಹತ್ತಿರ ಒಂದು ರಿಜಿಸ್ಟರ್ ಇರುತ್ತೆ: ಹೆಸರು, ಫ್ಲ್ಯಾಟ್ ನಂಬರ್, ಬಂದ ಹೊತ್ತು. ಒಳಗೆ ಬಂದವರು ಅದೇ ಗೇಟಿನಿಂದ ಹೊರಗೂ ಹೋಗಬೇಕು, ಅದನ್ನು ತಡೆಯೋ ಹಾಗಿಲ್ಲ. ರಿಜಿಸ್ಟರ್ ಇದ್ದರೆ ಹೊರಗೆ ಹೋಗುವವರನ್ನು ಒಮ್ಮೆ ತಾಳೆ ನೋಡಬಹುದು, ಇವರು ಬೆಳಿಗ್ಗೆ ಬಂದವರೇನಾ ಅಂತ. ರಿಜಿಸ್ಟರ್ ತೆಗೆದುಬಿಟ್ಟರೆ? ಬಂದವರೆಲ್ಲ ಬರ್ತಾರೆ, ಹೋಗುವವರೆಲ್ಲ ಹೋಗ್ತಾರೆ, ಗೇಟಿನಲ್ಲಿ ಕ್ಯೂ ಕೂಡ ಇರೋದಿಲ್ಲ. ಆದರೆ ರಾತ್ರಿ ಹಿಂದಿನ ಗೋಡೆ ಹಾರಿ ಬಂದವನು ಯಾರದೋ ಮನೆಯ ಟಿವಿ ಹೊತ್ತುಕೊಂಡು ಇದೇ ಗೇಟಿನಿಂದ ಹೊರಟರೆ ಅವನನ್ನು ತಡೆಯೋಕೆ ಸೆಕ್ಯುರಿಟಿಯವರಿಗೆ ಯಾವ ಆಧಾರವೂ ಇಲ್ಲ.

ಲಿಬ್‌ವರ್ಟ್‌ನ ಕೈಪಿಡಿ ಇದನ್ನು ಮುಚ್ಚಿಟ್ಟಿಲ್ಲ. ಅದರಲ್ಲಿ 12345ನೇ ಪೋರ್ಟಿನ ಉದಾಹರಣೆ ಇದೆ. ಆ ಪೋರ್ಟಿಗೆ ಸ್ಟೇಟ್‌ಮ್ಯಾಚ್ ಆಫ್ ಮಾಡಿದರೆ ಹೊರಗಿನವರು ಬರುವುದರ ಜೊತೆಗೆ, ವಿಎಂ ತಾನೇ 12345ನೇ ಪೋರ್ಟಿನಿಂದ ಹೊರಗಿನ ಯಾರನ್ನು ಬೇಕಾದರೂ ಸಂಪರ್ಕಿಸಬಹುದು. ಅದು ನಿಮಗೆ ಬೇಕಿರಬಹುದು, ಬೇಡದೆಯೂ ಇರಬಹುದು ಅಂತ ಕೈಪಿಡಿ ತಣ್ಣಗೆ ಹೇಳಿ ಮುಂದೆ ಹೋಗುತ್ತೆ. ರೋಗಿಗಳ ದತ್ತಾಂಶ ಇಟ್ಟುಕೊಂಡಿರುವ ಲ್ಯಾಬ್‌ನಲ್ಲಿ ಅಷ್ಟು ತಣ್ಣಗೆ ಇರೋಕಾಗಲ್ಲ. ಒಳಗೆ ನುಗ್ಗಿದವನಿಗೆ ಬೇಕಿರುವುದು ಹೊರಗೆ ಹೋಗುವ ಒಂದು ದಾರಿ. ಅದನ್ನು ನಾವೇ ತೆರೆದು ಕೊಟ್ಟ ಹಾಗಾಯ್ತು.

ಈ ದಿಕ್ಕಿನ ಪ್ರಶ್ನೆ ನನ್ನ ಕ್ಷೇತ್ರದವರಿಗೆ ಹಳೆಯ ಪರಿಚಯ. ನರತಂತುವಿನಲ್ಲಿ ವಿದ್ಯುತ್ ಸಂಕೇತ ಒಂದೇ ದಿಕ್ಕಿನಲ್ಲಿ ಓಡುತ್ತೆ ಅಂತ ಶಾಲೆಯಲ್ಲಿ ಓದಿರ್ತೀವಿ. ಆದರೆ ತಂತುವಿಗೇ ದಿಕ್ಕು ಗೊತ್ತಿಲ್ಲ. ಪ್ರಯೋಗದಲ್ಲಿ ಅದರ ನಡುವೆ ಪ್ರಚೋದನೆ ಕೊಟ್ಟರೆ ಸಂಕೇತ ಎರಡೂ ಕಡೆಗೆ ಹೋಗುತ್ತೆ. ಹಾಗಾದರೆ ಒಮ್ಮೆ ಹೊರಟ ಸಂಕೇತ ಹಿಂದಕ್ಕೆ ಯಾಕೆ ತಿರುಗಲ್ಲ? ಸೋಡಿಯಂ ಚಾನೆಲ್‌ಗೆ ಮುಚ್ಚಿದ್ದು, ತೆರೆದದ್ದು ಅನ್ನೋ ಎರಡು ಸ್ಥಿತಿ ಮಾತ್ರ ಅಲ್ಲ, ಮೂರನೆಯದೂ ಒಂದಿದೆ. ಒಮ್ಮೆ ತೆರೆದ ಚಾನೆಲ್ ಸುಮಾರು ಒಂದು ಮಿಲಿಸೆಕೆಂಡ್ ಕಾಲ ನಿಷ್ಕ್ರಿಯವಾಗುತ್ತೆ, ಆಗ ಎಷ್ಟು ತಟ್ಟಿದರೂ ತೆರೆಯೋದಿಲ್ಲ. ಅಂದರೆ ಈಗಷ್ಟೇ ಏನಾಯ್ತು ಅನ್ನೋ ನೆನಪು ಆ ಪ್ರೋಟೀನಿನ ಆಕಾರದಲ್ಲೇ ಇದೆ. ಸಂಕೇತ ಬಂದ ದಾರಿ ಹಿಂದಿನಿಂದ ಬಾಗಿಲು ಹಾಕಿಕೊಳ್ಳುತ್ತೆ, ಅದು ಮುಂದಕ್ಕೆ ಮಾತ್ರ ಹೋಗಬಲ್ಲದು. ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್‌ನ ದಪ್ಪ ನರತಂತುವಿನ ಮೇಲಿನ ಪ್ರಯೋಗಗಳಿಂದ ಈ ಲೆಕ್ಕವನ್ನು ಸಮೀಕರಣಗಳಲ್ಲಿ ಬರೆದರು, 1963ರಲ್ಲಿ ಅದಕ್ಕೆ ನೊಬೆಲ್ ಬಂತು. ನೆಟ್‌ವರ್ಕ್ ತಂತಿಗೂ ದಿಕ್ಕು ಗೊತ್ತಿಲ್ಲ. ಅಲ್ಲೂ ದಿಕ್ಕು ಹುಟ್ಟುವುದು ನೆನಪಿನಿಂದಲೇ.

ಆ ನೆನಪು ಹೋದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ದಕ್ಷಿಣ ಅಮೆರಿಕದ ವಿಷಕಪ್ಪೆಗಳ ಚರ್ಮದಲ್ಲಿ ಸಿಗುವ ಬ್ಯಾಟ್ರಕೋಟಾಕ್ಸಿನ್ ಸೋಡಿಯಂ ಚಾನೆಲ್‌ಗಳನ್ನು ನಿಷ್ಕ್ರಿಯ ಸ್ಥಿತಿಗೆ ಹೋಗಲು ಬಿಡೋದಿಲ್ಲ. ಬಾಗಿಲುಗಳು ತೆರೆದೇ ಉಳಿಯುತ್ತವೆ. ಅದರಿಂದ ಸಂಕೇತಗಳು ಸಲೀಸಾಗಿ ಹರಿಯೋದಿಲ್ಲ, ಸ್ನಾಯುಗಳು ನಿಶ್ಚಲವಾಗಿ ಹೃದಯದ ಲಯವೇ ತಪ್ಪುತ್ತೆ. ನರಕ್ಕೂ ಫೈರ್‌ವಾಲ್‌ಗೂ ಇಲ್ಲೊಂದು ವ್ಯತ್ಯಾಸ ಇದೆ, ಅದೇ ಮುಖ್ಯ. ನರದಲ್ಲಿ ನೆನಪು ಕಳೆದರೆ ದೇಹಕ್ಕೆ ತಕ್ಷಣ ಗೊತ್ತಾಗುತ್ತೆ. ಫೈರ್‌ವಾಲ್‌ನಲ್ಲಿ ಕಳೆದರೆ ಯಾರಿಗೂ ಗೊತ್ತಾಗಲ್ಲ.

ಇದರ ಇನ್ನೊಂದು ಮುಖ ಇನ್ನೂ ಅಪಾಯದ್ದು. ಇಲ್ಲಿಯವರೆಗೆ ಒಳಬರುವ ನಿಯಮದ ಮಾತಾಯ್ತು. ಹೊರಹೋಗುವ ನಿಯಮ ತಗೊಳ್ಳಿ: ‘ವಿಎಂ ಹೊರಗಿನ ಯಾವುದೇ ವೆಬ್‌ಸೈಟಿನ 80ನೇ ಪೋರ್ಟಿಗೆ ಹೋಗಬಹುದು.’ ಇದರಲ್ಲಿ ಸ್ಟೇಟ್‌ಮ್ಯಾಚ್ ಆಫ್ ಮಾಡಿದರೆ, ಹೊರಗಿನ ಯಾವುದೇ ಯಂತ್ರದ 80ನೇ ಪೋರ್ಟಿನಿಂದ ಹೊರಟ ಪ್ಯಾಕೆಟ್ ನಿಮ್ಮ ವಿಎಂನ ಯಾವ ಪೋರ್ಟಿಗೆ ಬೇಕಾದರೂ ಬರಬಹುದು. ಎಸ್‌ಎಸ್‌ಎಚ್‌ನ 22 ಇರಲಿ, ಡೇಟಾಬೇಸಿನ 5432 ಇರಲಿ. ತನ್ನ ಕಡೆಯ ಪೋರ್ಟ್ ಯಾವುದಿರಬೇಕು ಅಂತ ತೀರ್ಮಾನಿಸೋದು ಕಳಿಸುವವನೇ. ಎನ್‌ಮ್ಯಾಪ್ ಅನ್ನೋ ಪ್ರಸಿದ್ಧ ಸ್ಕ್ಯಾನಿಂಗ್ ಸಾಧನದಲ್ಲಿ ಇದಕ್ಕೆಂದೇ ಒಂದು ಆಯ್ಕೆ ಇದೆ, ‘ನನ್ನ ಪೋರ್ಟ್ ಇಂಥದ್ದು ಅಂತ ತೋರಿಸು’ ಅಂತ.

ಇದು ಕಾಗದದ ಮೇಲಿನ ಭಯ ಅಲ್ಲ. ನಮ್ಮ ಪಕ್ಕದ ರೆಡ್‌ಮಂಡ್‌ನಿಂದ ಬಂದ ವಿಂಡೋಸ್ 2000 ಮತ್ತು ಎಕ್ಸ್‌ಪಿಗಳ ಐಪಿಸೆಕ್ ಫಿಲ್ಟರ್‌ಗಳಲ್ಲಿ ಇಂಥದ್ದೇ ಒಂದು ಒಳ ವಿನಾಯಿತಿ ಇತ್ತು. ಕೆರ್ಬೆರೋಸ್ ಲಾಗಿನ್ ವ್ಯವಸ್ಥೆಯ ಉತ್ತರಗಳು ಬರಲಿ ಅಂತ 88ನೇ ಪೋರ್ಟಿನಿಂದ ಬಂದದ್ದನ್ನೆಲ್ಲ ಅದು ಬಿಡುತ್ತಿತ್ತು. ಸ್ಕ್ಯಾನ್ ಮಾಡುವವರು ತಮ್ಮ ಪೋರ್ಟ್ 88 ಅಂತ ಇಟ್ಟುಕೊಂಡರೆ ಸಾಕು, ಫಿಲ್ಟರ್ ಇದ್ದೂ ಇಲ್ಲದ ಹಾಗೆ. ‘ಇದು ಉತ್ತರ’ ಅಂತ ಹೇಳಿಕೊಂಡು ಬಂದವರನ್ನೆಲ್ಲ ನಂಬುವುದರ ಫಲ ಅದು. ಪ್ರಶ್ನೆ ಕೇಳಿದ್ದೆವಾ ಇಲ್ಲವಾ ಅಂತ ಯಾರೂ ನೆನಪಿಟ್ಟುಕೊಂಡಿರಲಿಲ್ಲ.

ಹಾಗಾದರೆ ಈ ಸ್ವಿಚ್ಚನ್ನೇ ತೆಗೆದುಹಾಕಬೇಕಾ? ಬೇಡ. ನೆನಪಿಗೂ ಖರ್ಚಿದೆ, ಅದನ್ನು ಒಪ್ಪಬೇಕು. ಲಿನಕ್ಸ್ ಪ್ರತಿ ಸಂಪರ್ಕಕ್ಕೂ ಒಂದು ಕೋಷ್ಟಕದಲ್ಲಿ ಸಾಲು ಬರೆದಿಡುತ್ತೆ. ಇದಕ್ಕೆ ಕನೆಕ್ಷನ್ ಟ್ರ್ಯಾಕಿಂಗ್ ಅಂತಾರೆ. ಸಾಕಷ್ಟು ಮೆಮೊರಿ ಇರುವ ಇಂದಿನ ಯಂತ್ರಗಳಲ್ಲಿ ಆ ಕೋಷ್ಟಕದ ಮಿತಿ ಸಾಮಾನ್ಯವಾಗಿ 2,62,144 ಸಾಲು. ಟಿಸಿಪಿ ಸಂಪರ್ಕ ಒಮ್ಮೆ ಕುದುರಿ ಆಮೇಲೆ ಸದ್ದಿಲ್ಲದೆ ಇದ್ದರೆ ಆ ಸಾಲು ಡೀಫಾಲ್ಟ್ ಆಗಿ 4,32,000 ಸೆಕೆಂಡ್ ಉಳಿಯುತ್ತೆ, ಅಂದರೆ ಪೂರ್ತಿ 5 ದಿನ. ಯುಡಿಪಿಗೆ 30 ಸೆಕೆಂಡ್. ಒಂದು ಡಿಎನ್‌ಎಸ್ ಸರ್ವರ್‌ಗೆ ಸೆಕೆಂಡಿಗೆ 10,000 ಹೊಸ ಪ್ರಶ್ನೆ ಬಂದರೆ, 30 ಸೆಕೆಂಡಿನಲ್ಲಿ 3,00,000 ಸಾಲು. ಕೋಷ್ಟಕ ತುಂಬಿ ತುಳುಕುತ್ತೆ, ‘ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಅಂತ ಕರ್ನಲ್ ಗೋಳಿಡುತ್ತೆ, ಹೊಸಬರಿಗೆ ಪ್ರವೇಶ ಇಲ್ಲ.

ಎರಡನೇ ಸಂದರ್ಭ: ಒಂದು ವಿಎಂ ತಾನೇ ರೌಟರ್ ಆಗಿದ್ದು, ಹೋಗುವ ಪ್ಯಾಕೆಟ್ ಅದರ ಮೂಲಕ ಹೋಗಿ, ಮರಳುವ ಪ್ಯಾಕೆಟ್ ಬೇರೆ ದಾರಿ ಹಿಡಿಯೋದು. ಅರ್ಧ ಮಾತು ಮಾತ್ರ ಕೇಳಿಸಿಕೊಂಡ ಕಾವಲುಗಾರ ಉಳಿದರ್ಧವನ್ನು ಅನುಮಾನದಿಂದ ನೋಡ್ತಾನೆ. ಮೂರನೆಯದು: ಓಡುತ್ತಿರುವ ವಿಎಂ ಅನ್ನು ಒಂದು ಹೋಸ್ಟಿನಿಂದ ಇನ್ನೊಂದಕ್ಕೆ ಸ್ಥಳಾಂತರಿಸೋದು. ವಿಎಂನ ಮೆಮೊರಿ ಜೊತೆಗೆ ಹೋಗುತ್ತೆ, ಹಳೆಯ ಹೋಸ್ಟಿನ ರಿಜಿಸ್ಟರ್ ಸಾಮಾನ್ಯವಾಗಿ ತಾನಾಗಿಯೇ ಹೋಗೋದಿಲ್ಲ. ಮನೆ ಬದಲಾಯಿಸಿದವರ ಹೆಸರು ಹೊಸ ಗೇಟಿನಲ್ಲಿ ಇರಲ್ಲ ಅಲ್ವಾ, ಹಾಗೆ.

ಇವೆಲ್ಲ ನಿಜವಾದ ಕಾರಣಗಳು. ಆದರೆ ಮೊದಲನೆಯದರಲ್ಲಿ ಒಂದು ಸೂಕ್ಷ್ಮ ಇದೆ. ಸ್ಟೇಟ್‌ಮ್ಯಾಚ್ ಆಫ್ ಮಾಡಿದರೆ ಆ ನಿಯಮ ರಿಜಿಸ್ಟರ್ ನೋಡುವುದನ್ನು ನಿಲ್ಲಿಸುತ್ತೆ, ಅಷ್ಟೇ. ಹೋಸ್ಟಿನಲ್ಲಿ ಬೇರೆ ಯಾವುದೋ ನಿಯಮ ಸ್ಟೇಟ್ ಕೇಳುತ್ತಿದ್ದರೆ ರಿಜಿಸ್ಟರ್ ಬರೆಯುವ ಕೆಲಸ ನಡೆದೇ ಇರುತ್ತೆ. ಕೋಷ್ಟಕ ಮೊದಲಿನ ಹಾಗೇ ತುಂಬುತ್ತೆ. ಅದನ್ನು ತಪ್ಪಿಸಲು ಐಪಿಟೇಬಲ್ಸ್‌ನ ‘ರಾ’ ಟೇಬಲಿನಲ್ಲಿ ‘ಈ ಪ್ಯಾಕೆಟ್ ಟ್ರ್ಯಾಕ್ ಮಾಡಬೇಡ’ ಅಂತ ಪ್ರತ್ಯೇಕವಾಗಿ ಹೇಳಬೇಕು. ಅಂದರೆ ಕೋಷ್ಟಕ ತುಂಬಿತು ಅಂತ ಸ್ಟೇಟ್‌ಮ್ಯಾಚ್ ಆಫ್ ಮಾಡಿದವರಿಗೆ ರಕ್ಷಣೆಯೂ ಹೋಯ್ತು, ಕಾಯಿಲೆಯೂ ವಾಸಿಯಾಗಲಿಲ್ಲ.

ಕ್ಲೌಡ್‌ನಲ್ಲಿ ಇದೇ ಆಯ್ಕೆ ಬೇರೆ ವೇಷದಲ್ಲಿ ಬರುತ್ತೆ. ಅಮೆಜಾನ್‌ನ ಸೆಕ್ಯುರಿಟಿ ಗ್ರೂಪ್‌ಗಳಿಗೆ ನೆನಪಿದೆ, ನೆಟ್‌ವರ್ಕ್ ಎಸಿಎಲ್‌ಗಳಿಗೆ ಇಲ್ಲ. ನೆನಪಿಲ್ಲದ ಕಡೆ ಉತ್ತರಗಳು ಮರಳಿ ಬರಬೇಕಾದರೆ 1024ರಿಂದ 65535ರವರೆಗಿನ ಪೋರ್ಟ್‌ಗಳನ್ನು ತೆರೆದಿಡುವುದು ವಾಡಿಕೆ. ಎಣಿಸಿದರೆ 64,512 ಬಾಗಿಲು. ನೆನಪು ಇರುವ ಕಡೆಯೂ ಒಂದು ತೊಡಕಿದೆ: ಸೆಕ್ಯುರಿಟಿ ಗ್ರೂಪಿನಿಂದ ಒಂದು ನಿಯಮ ತೆಗೆದ ತಕ್ಷಣ, ಆಗಲೇ ನಡೆಯುತ್ತಿರುವ ಸಂಪರ್ಕ ಕಡಿದುಹೋಗೋದಿಲ್ಲ. ಕೂಡಲೇ ಕಡಿಯಬೇಕಾದರೆ ನೆನಪಿಲ್ಲದ ಎಸಿಎಲ್ ಬಳಸಿ ಅಂತ ಅಮೆಜಾನ್‌ನವರೇ ಹೇಳ್ತಾರೆ. ಹಾಗಾಗಿ ಎರಡಕ್ಕೂ ಜಾಗ ಇದೆ. ಓಪನ್‌ಸ್ಟ್ಯಾಕ್‌ನಲ್ಲೂ ಸ್ಟೇಟ್‌ಲೆಸ್ ಸೆಕ್ಯುರಿಟಿ ಗ್ರೂಪ್ ಮಾಡಬಹುದು.

ಈಗ ನನ್ನ ಅಭಿಪ್ರಾಯ ಹೇಳ್ತೇನೆ. ಸ್ಟೇಟ್‌ಮ್ಯಾಚ್ ಆಫ್ ಮಾಡುವ ಹಕ್ಕು ನಿರ್ವಾಹಕರಿಗೆ ಇರಲೇಬೇಕು. ಆದರೆ ಆಫ್ ಮಾಡಿದವರು ಒಂದು ನೆಗೆಟಿವ್ ಕಂಟ್ರೋಲ್ ಮಾಡಿ ತೋರಿಸಬೇಕು. ಅದಿಲ್ಲದೆ ಆ ನಿಯಮ ಲ್ಯಾಬ್‌ನ ಸರ್ವರಿನಲ್ಲಿ ಇರಬಾರದು.

ಜೀವವಿಜ್ಞಾನದಲ್ಲಿ ನೆಗೆಟಿವ್ ಕಂಟ್ರೋಲ್ ಅಂದರೆ ಏನೂ ಬರಬಾರದ ಕಡೆ ನಿಜಕ್ಕೂ ಏನೂ ಬರಲಿಲ್ಲ ಅಂತ ತೋರಿಸೋದು. ಪಿಸಿಆರ್ ಮಾಡುವಾಗ ಒಂದು ಟ್ಯೂಬಿನಲ್ಲಿ ಡಿಎನ್‌ಎ ಬದಲು ಬರೀ ನೀರು ಹಾಕ್ತೀವಿ. ನೀರಿನ ಟ್ಯೂಬಿನಲ್ಲೂ ಪಟ್ಟಿ ಕಾಣಿಸಿಕೊಂಡರೆ ಉಳಿದ ಫಲಿತಾಂಶವೆಲ್ಲ ಕಸದ ಬುಟ್ಟಿಗೆ. ಅದು ಇಲ್ಲದ ಪ್ರಯೋಗವನ್ನು ಒಳ್ಳೆಯ ಪತ್ರಿಕೆಗಳು ಸಾಮಾನ್ಯವಾಗಿ ಒಪ್ಪಲ್ಲ. ಆದರೆ ಅದೇ ಲ್ಯಾಬ್‌ನ ಫೈರ್‌ವಾಲ್ ವಿಷಯಕ್ಕೆ ಬಂದರೆ ನಮ್ಮ ಪರೀಕ್ಷೆ ಒಂದೇ: ‘ಈಗ ಕನೆಕ್ಟ್ ಆಗ್ತಿದೆಯಾ? ಆಗ್ತಿದೆ. ಸರಿ, ಮುಗೀತು.’ ಇದು ಪಾಸಿಟಿವ್ ಕಂಟ್ರೋಲ್ ಮಾತ್ರ. ಸ್ಟೇಟ್‌ಮ್ಯಾಚ್ ಆಫ್ ಮಾಡಿದಾಗ ಈ ಪರೀಕ್ಷೆ ಯಾವತ್ತೂ ಪಾಸ್ ಆಗುತ್ತೆ, ಯಾಕೆಂದರೆ ಬಿಡುವುದು ಹೆಚ್ಚಾಗಿದೆ. ಏನು ಹೆಚ್ಚಾಯ್ತು ಅನ್ನೋದನ್ನು ಅದು ಹೇಳಲ್ಲ.

ನೀರಿನ ಟ್ಯೂಬ್ ಇಲ್ಲಿ ಯಾವುದು? ತುಂಬಾ ಸುಲಭ. ವಿಎಂ ಒಳಗೆ ಹೋಗಿ, ಆ ಪೋರ್ಟಿನಲ್ಲಿ ಕೂತ ಸೇವೆಯನ್ನು ಒಂದು ನಿಮಿಷ ನಿಲ್ಲಿಸಿ, ನೆಟ್‌ಕ್ಯಾಟ್ ಬಳಸಿ ಅದೇ 12345ನೇ ಪೋರ್ಟಿನಿಂದ ಹೊರಗಿನ ಒಂದು ಯಂತ್ರಕ್ಕೆ ನೀವೇ ಸಂಪರ್ಕ ಶುರು ಮಾಡಿ ನೋಡಿ. ಆ ಯಂತ್ರವೂ ನಿಮ್ಮದೇ ಆಗಿರಲಿ. ಸ್ಟೇಟ್‌ಮ್ಯಾಚ್ ಆನ್ ಇದ್ದಾಗ ಅದು ಹೋಗಬಾರದು. ಆಫ್ ಮಾಡಿದ ಮೇಲೆ ಹೋದರೆ, ಎಷ್ಟು ದೂರದವರೆಗೆ ಹೋಗಬಲ್ಲದು ಅಂತ ಬರೆದಿಡಿ. ಹೊರಹೋಗುವ ನಿಯಮವಾದರೆ ಪರೀಕ್ಷೆ ಹೊರಗಿನಿಂದ ನಡೆಯಬೇಕು. ಐದು ನಿಮಿಷದ ಕೆಲಸ.

ಪರೀಕ್ಷೆಯಲ್ಲಿ ದಾರಿ ತೆರೆದಿದೆ ಅಂತ ಗೊತ್ತಾದರೆ ಅದನ್ನು ಕಿರಿದು ಮಾಡಿ. ದಂತವೈದ್ಯರು ಕೊಡುವ ಲಿಡೊಕೇಯ್ನ್ ಕೂಡ ಸೋಡಿಯಂ ಚಾನೆಲ್‌ಗಳ ಸ್ಥಿತಿಯ ಮೇಲೇ ಕೆಲಸ ಮಾಡೋದು. ಅವರು ಅದನ್ನು ಒಂದು ಹಲ್ಲಿನ ನರದ ಬಳಿ ಕೊಡ್ತಾರೆ, ಕೆಲವು ಗಂಟೆಗಳಲ್ಲಿ ಇಳಿಯುವ ಹಾಗೆ. ನಿಯಮದಲ್ಲೂ ಹಾಗೇ ಮಾಡಬಹುದು. ಇಡೀ ಫಿಲ್ಟರಿಗೆ ಬೇಡ, ಒಂದು ನಿಯಮಕ್ಕೆ ಮಾತ್ರ ಆಫ್ ಮಾಡಿ. ಆಚೆ ಕಡೆಯ ಐಪಿ ವಿಳಾಸವನ್ನು ಕಟ್ಟಿಹಾಕಿ, ಆಗ ತೆರೆದ ದಾರಿ ನಿಮ್ಮದೇ ನಾಲ್ಕು ಯಂತ್ರಗಳ ಕಡೆಗೆ ಮಾತ್ರ. ಟಿಸಿಪಿ ಆದರೆ ಇನ್ನೊಂದು ಉಪಾಯ ಇದೆ: ಸಂಪರ್ಕ ಶುರು ಮಾಡುವ ಮೊದಲ ಪ್ಯಾಕೆಟ್‌ನಲ್ಲಿ ಸಿನ್ ಗುರುತು ಇರುತ್ತೆ, ಆಕ್ ಗುರುತು ಇರಲ್ಲ. ಅಂಥ ಪ್ಯಾಕೆಟ್ ಆ ಪೋರ್ಟಿನಿಂದ ಹೊರಗೆ ಹೋಗದ ಹಾಗೆ ಮೇಲಿನ ಸಾಲಿನಲ್ಲಿ ಒಂದು ತಡೆ ನಿಯಮ ಹಾಕಿ. ರಿಜಿಸ್ಟರ್ ಇಲ್ಲದೆಯೂ ‘ಶುರು ಮಾಡಿದ್ದು ಯಾರು’ ಅನ್ನೋ ಪ್ರಶ್ನೆಗೆ ಅಷ್ಟರಮಟ್ಟಿಗೆ ಉತ್ತರ ಸಿಗುತ್ತೆ. ಯುಡಿಪಿಯಲ್ಲಿ ಈ ಗುರುತುಗಳೇ ಇಲ್ಲ, ಅಲ್ಲಿ ವಿಳಾಸ ಕಟ್ಟುವುದೊಂದೇ ದಾರಿ. ಕೊನೆಗೆ, ಯಾಕೆ ಆಫ್ ಮಾಡಿದ್ದು, ಯಾರು, ಯಾವ ದಿನ, ಮತ್ತೆ ಯಾವಾಗ ನೋಡಬೇಕು ಅಂತ ಒಂದು ಸಾಲು ಲ್ಯಾಬ್ ನೋಟ್‌ಬುಕ್‌ನಲ್ಲಿ ಬರೀಬೇಕು. ಆ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೋಗ್ತಾರೆ, ನಿಯಮ ಉಳಿಯುತ್ತೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಬಹಳ ಕಡೆ ವಿಎಂನಿಂದ ಹೊರಗೆ ಹೋಗುವುದನ್ನು ಯಾರೂ ತಡೆದೇ ಇರಲ್ಲ. ಎಲ್ಲ ಬಾಗಿಲೂ ತೆರೆದಿರುವಾಗ ಒಂದು ಬಾಗಿಲಿನ ರಿಜಿಸ್ಟರಿಗೆ ಇಷ್ಟು ಗಲಾಟೆ ಯಾಕೆ? ಮಾತು ಸರಿ. ಕೊನೆಯಲ್ಲಿ ‘ಉಳಿದದ್ದೆಲ್ಲ ತಡೆ’ ಅನ್ನೋ ನಿಯಮ ಇಲ್ಲದ ಫಿಲ್ಟರಿನಲ್ಲಿ ಒಳಬರುವ ನಿಯಮದ ಸ್ಟೇಟ್‌ಮ್ಯಾಚ್ ಆನ್ ಇದ್ದರೂ ಆಫ್ ಇದ್ದರೂ ಹೊರಹೋಗುವವನಿಗೆ ವ್ಯತ್ಯಾಸ ಆಗಲ್ಲ. ಆದರೆ ಇದರಿಂದ ನನ್ನ ವಾದ ಸಡಿಲ ಆಗಲ್ಲ. ಅದೇ ನೆಟ್‌ಕ್ಯಾಟ್ ಪರೀಕ್ಷೆ ಮಾಡಿದರೆ, ಸ್ಟೇಟ್‌ಮ್ಯಾಚ್ ಆನ್ ಇದ್ದಾಗಲೂ ಸಂಪರ್ಕ ಹೊರಗೆ ಹೋಗುತ್ತೆ. ಆಗಲೇ ಗೊತ್ತಾಗುತ್ತೆ, ಬಾಗಿಲಿಗೆ ಚಿಲಕವೇ ಇರಲಿಲ್ಲ ಅಂತ. ನೀರಿನ ಟ್ಯೂಬಿನಲ್ಲಿ ಪಟ್ಟಿ ಬಂದ ಹಾಗೆ.

ಇನ್ನು ಕೆಲವರು ಹೇಳ್ತಾರೆ, ನಮ್ಮ ಲ್ಯಾಬ್‌ನಲ್ಲಿ ಕದಿಯುವಂಥದ್ದು ಏನಿದೆ ಅಂತ. ರಕ್ತದ ಮಾದರಿ ಕೊಟ್ಟವರು ಯಾರೋ ಇದ್ದಾರೆ. ಸಮ್ಮತಿ ಪತ್ರಕ್ಕೆ ಸಹಿ ಹಾಕುವಾಗ ಅವರು ನಮ್ಮ ಫೈರ್‌ವಾಲ್ ನೋಡಿರಲ್ಲ, ನಮ್ಮನ್ನು ನಂಬಿರ್ತಾರೆ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಜೀನೋಮ್ ಬದಲಿಸೋಕಾಗಲ್ಲ. ಅವರ ಮಕ್ಕಳ ಜೀನೋಮ್‌ನ ಅರ್ಧ ಕೂಡ ಅದರಲ್ಲೇ ಇದೆ.

ಹಾಗಾಗಿ ಒಂದು ಕೋರಿಕೆ. ನಿಮ್ಮ ಲ್ಯಾಬ್‌ನಲ್ಲೋ ಆಫೀಸಿನಲ್ಲೋ ಲಿಬ್‌ವರ್ಟ್ ಇದ್ದರೆ, ಫಿಲ್ಟರ್‌ಗಳಲ್ಲಿ ‘ಸ್ಟೇಟ್‌ಮ್ಯಾಚ್’ ಅನ್ನೋ ಪದ ಹುಡುಕಿ. ‘ಫಾಲ್ಸ್’ ಅಥವಾ ಸೊನ್ನೆ ಇರುವ ಪ್ರತಿ ಸಾಲಿಗೂ ಕಾರಣ ಗೊತ್ತಿರುವವರು ಯಾರಾದರೂ ಇದ್ದಾರಾ ಕೇಳಿ. ಇಲ್ಲದಿದ್ದರೆ ಆ ಸಾಲಿನಿಂದಲೇ ಪರೀಕ್ಷೆ ಶುರು ಮಾಡಿ. ಏನು ಸಿಕ್ಕಿತು ಅಂತ ಬರೆದು ತಿಳಿಸಿ, ನಿಮ್ಮ ಸರ್ವರ್ ವಿಳಾಸ ಮಾತ್ರ ಬರೀಬೇಡಿ.